ಕಿವಿಯಿಂದಾಚೆ ಐದಿಂಚು

ಆರ್ಲಿನ್ ಟಿಬ್ಬೆಟ್ಸ್‌ಗೆ ಅಂದಾಜಿನ ಕಣ್ಣು ಇರಲಿಲ್ಲ.

ವಯೋಮಿಂಗಿನ ಡ್ರೈ ಫೋರ್ಕ್ ಊರಿನಲ್ಲಿ ಹಲ್ಲಿಲ್ಲದವರು ಮರ್ಯಾದೆಯಿಂದ ಬದುಕಬಹುದು, ಹೆಂಡತಿ ಬಿಟ್ಟುಹೋದವರೂ ಬದುಕಬಹುದು. ಆದರೆ ಎದುರು ಗುಡ್ಡದಲ್ಲಿ ನಿಂತ, ಹೇಸರಗತ್ತೆಯಂಥ ಉದ್ದ ಕಿವಿಯ ಗಂಡು ಮ್ಯೂಲ್ ಜಿಂಕೆಯ ಕೊಂಬು ಎಷ್ಟು ಇಂಚು ಎಂದು ನೋಡಿದ ಕೂಡಲೇ ಹೇಳಲಾರದವನನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಎರಡೂ ಕೊಂಬಿನ ಉದ್ದ, ಒಂದೊಂದು ಕವಲಿನ ಉದ್ದ, ಸುತ್ತಳತೆ, ನಡುವಿನ ಅಗಲ ಎಲ್ಲ ಕೂಡಿಸಿದರೆ ಬರುವುದೇ ಅಂಕ. ಅಂಕ ನೂರೆಂಬತ್ತು ದಾಟಿದರೆ ಆ ತಲೆ ಊರ ಹೋಟೆಲಿನ ಗೋಡೆ ಏರುತ್ತದೆ, ಕೆಳಗೆ ಹೊಡೆದವನ ಹೆಸರು. ಆರ್ಲಿನ್ ಒಮ್ಮೆ "ನೂರ ತೊಂಬತ್ತು!" ಎಂದು ಕಿರುಚಿ ತೋರಿಸಿದ್ದು ಒಣಗಿದ ಜುನಿಪರ್ ಮರದ ಕೊಂಬೆಯಾಗಿತ್ತು.

ಅವನು ಊರಿನ ಕ್ಷೌರಿಕ. ಹದಿಮೂರು ವರ್ಷ ಅರ್ಜಿ ಹಾಕಿ ಹಾಕಿ, ಈ ಸಲ ಲಾಟರಿಯಲ್ಲಿ ಅವನ ಹೆಸರಿಗೆ ಬೇಟೆಯ ಚೀಟಿ ಬಂದಿತ್ತು. ಒಂದು ಚೀಟಿಗೆ ಒಂದೇ ಗಂಡು. ಹೊಡೆದೆಯೋ, ಮುಗಿಯಿತು, ಮತ್ತೆ ಸರದಿಯ ಬಾಲಕ್ಕೆ ಹೋಗಿ ನಿಲ್ಲಬೇಕು. ಅಷ್ಟು ಹೊತ್ತಿಗೆ ಗುಡ್ಡ ಹತ್ತಲು ಮೊಣಕಾಲು ಉಳಿದಿರುತ್ತದೆಂಬ ಭರವಸೆ ಅವನಿಗಿರಲಿಲ್ಲ.

ಬೇಟೆಗಾಲದ ಕೊನೆಯ ದಿನ ಬೆಳಕು ಹರಿಯುವ ಮೊದಲೇ ಅವನು ಟ್ರಕ್ಕಿನ ಬಾಗಿಲು ತೆಗೆದರೆ ಒಳಗೆ ಇಬ್ಬರು ಕೂತಿದ್ದರು. ಒಬ್ಬ ಗಾರ್ತ್ ಸ್ವೆಂಡ್‌ಸೆನ್, ಸರ್ಟಿಫಿಕೇಟು ಪಡೆದ ಕೊಂಬಿನ ಅಳತೆಗಾರ. ಸೊಂಟದಲ್ಲಿ ಪಿಸ್ತೂಲಿನಂತೆ ಉಕ್ಕಿನ ಟೇಪು. ಇನ್ನೊಬ್ಬ ಮಾಂಸದಂಗಡಿಯ ಡೆಲ್ಮರ್ ಕೂಂಟ್ಸ್. ಅವನ ಬಳಿ ಸರ್ಟಿಫಿಕೇಟೂ ಇಲ್ಲ, ಟೇಪೂ ಇಲ್ಲ, ಬಾಯಿ ಇತ್ತು.

"ನೀವ್ಯಾಕ್ರೋ ಬಂದ್ರಿ?"

"ನಿನ್ನೊಬ್ಬನ್ನೇ ಬಿಟ್ರೆ ಯಾರದ್ದಾದ್ರೂ ಹಸು ಹೊಡ್ಕೊಂಡು ಬರ್ತೀಯ," ಎಂದ ಡೆಲ್ಮರ್. "ಗಾಡಿ ತೆಗಿ."

ಬೆಳಕಾಗುತ್ತಿದ್ದಂತೆ ಮೊದಲ ಗಂಡು ಕಂಡಿತು, ಕಲ್ಲೆಸೆದರೆ ಮುಟ್ಟುವಷ್ಟು ಹತ್ತಿರ. ಆರ್ಲಿನ್ ಬಂದೂಕು ಎತ್ತಿದ. ಗಾರ್ತ್ ಅದರ ಮೂತಿಯನ್ನು ಒಂದು ಬೆರಳಿನಿಂದ ಕೆಳಗೆ ತಳ್ಳಿದ.

"ಕಿವಿ ನೋಡು, ಕಿವಿ. ಈ ತುದಿಯಿಂದ ಆ ತುದಿಗೆ ಇಪ್ಪತ್ತೊಂದು ಇಂಚು. ದೇವರೇ ಕೊಟ್ಟಿರೋ ಅಳತೆಪಟ್ಟಿ ಅದು. ಕೊಂಬು ಕಿವಿಯಿಂದಾಚೆ ಬಂದಿದ್ಯಾ? ಇಲ್ಲ. ನೂರೈವತ್ತೈದು. ಬಿಡು."

"ನಂಗೆ ದೊಡ್ಡದಾಗೇ ಕಾಣ್ತಿದೆ ಕಣೋ."

"ನಿಂಗೆ ಕಾಣೋದೇ ಅಲ್ವಾ ತೊಂದರೆ?"

ಆ ಜಿಂಕೆ ಇವರನ್ನು ಸಂತೆಗೆ ಬಂದ ಪರವೂರಿನವರನ್ನು ನೋಡುವಂತೆ ನೋಡಿ, ಮೆಲುಕು ಹಾಕುತ್ತ ಹೋಯಿತು.

ಎರಡನೆಯದು ಮಧ್ಯಾಹ್ನ ಸಿಕ್ಕಿತು. ಗಾರ್ತ್ ನೂರ ಎಪ್ಪತ್ತೆರಡು ಎಂದ. ಡೆಲ್ಮರ್ ನೂರ ಎಪ್ಪತ್ತಾರು ಎಂದ.

"ಎಡಗಡೆ ಹಿಂದಿನ ಕವಲು ಹನ್ನೊಂದೇ ಇಂಚು."

"ಹದಿಮೂರು. ದಿನಾ ಮೂಳೆ ಕಡಿಯೋನು ನಾನು, ನಂಗೆ ಹೇಳ್ಬೇಡ."

"ಮೂಳೆ ಬೇರೆ, ಕೊಂಬು ಬೇರೆ, ದಡ್ಡ!"

"ಹೊಡೀಲಾ ಬೇಡ್ವಾ?" ಎಂದ ಆರ್ಲಿನ್.

"ತಡ್ಕೋ!" ಇಬ್ಬರೂ ಒಟ್ಟಿಗೆ ಗದರಿಸಿದರು. ಅಲ್ಲಿಯವರೆಗೆ ಅವರು ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ. ಜಿಂಕೆ ಮಲಗಿತು, ಎದ್ದಿತು, ಮೈ ಮುರಿಯಿತು, ಕೊನೆಗೆ ಬೇಲಿ ಹಾರಿ ಚೀಟಿ ನಡೆಯದ ಖಾಸಗಿ ಜಮೀನಿಗೆ ಹೊರಟುಹೋಯಿತು. ವಾದದಲ್ಲಿ ಗಾರ್ತ್ ಗೆದ್ದ.

ಸೂರ್ಯ ಇಳಿಯುವ ಹೊತ್ತಿಗೆ ಕಣಿವೆಯಾಚೆ, ಸೇಜ್ ಪೊದೆಗಳ ನಡುವೆ ಒಂದು ತಲೆ ಎದ್ದಿತು. ದೂರದರ್ಶಕಕ್ಕೆ ಕಣ್ಣಿಟ್ಟ ಗಾರ್ತ್ ಉಸಿರಾಡುವುದನ್ನೇ ಮರೆತ.

"ಕಿವಿಯಿಂದಾಚೆ ಐದಿಂಚು... ಎರಡೂ ಕಡೆ! ಹಿಂದಿನ ಕವಲು ಎರಡು ಕಿವಿ ಉದ್ದ ಇದೆ ಕಣ್ರೋ!"

ಡೆಲ್ಮರ್ ಇಣುಕಿದ. "ಅಯ್ಯಪ್ಪಾ! ಮೈ ನೋಡು, ಗೂಳಿ ಇದ್ದ ಹಾಗಿದೆ."

"ನೂರ ತೊಂಬತ್ತೆರಡು. ಆಚೆ ಈಚೆ ಒಂದು ಇಂಚು," ಎಂದ ಗಾರ್ತ್. ಡೆಲ್ಮರ್ ಕೂಡ ನೂರ ತೊಂಬತ್ತೆರಡೇ ಎಂದ.

ದಿನವಿಡೀ ಕಚ್ಚಾಡಿದ್ದ ಇಬ್ಬರೂ ಒಂದೇ ಅಂಕ ಹೇಳುತ್ತಿದ್ದರು. ಆರ್ಲಿನ್ ಕೂಡ ನೋಡಿದ.

"ಗಾರ್ತ್, ನಂಗ್ಯಾಕೋ ಇದು ಪುಟ್ಟದು ಅನ್ನಿಸ್ತಿದೆ."

ಇಬ್ಬರೂ ಅವನನ್ನು ಮರುಕದಿಂದ ನೋಡಿದರು. "ಹೋಟೆಲಿನ ಗೋಡೆ ಮೇಲೆ ನಿನ್ನ ಹೆಸರು ಇರ್ಬೇಕೋ ಬೇಡ್ವೋ? ಹೊಡಿಯೋ ಮಾರಾಯ! ಕತ್ತಲಾಗ್ತಿದೆ," ಎಂದ ಡೆಲ್ಮರ್.

ಆರ್ಲಿನ್‌ಗೆ ಗುರಿ ಚೆನ್ನಾಗಿತ್ತು. ಒಂದೇ ಗುಂಡು.

ಸತ್ತ ಜಿಂಕೆಯ ಕೊಂಬು ಹತ್ತಿರ ಹೋದಂತೆ ಸ್ವಲ್ಪ ಕುಗ್ಗುತ್ತದೆಂಬುದನ್ನು ಎಲ್ಲ ಬೇಟೆಗಾರರೂ ಒಪ್ಪುತ್ತಾರೆ. ಇದು ನೀರಿನಲ್ಲಿ ಬಿದ್ದ ಸೋಪಿನಂತೆ ಹೆಜ್ಜೆಹೆಜ್ಜೆಗೂ ಕರಗುತ್ತ ಬಂತು. ಕೊನೆಗೆ ಅದರ ಮುಂದೆ ನಿಂತಾಗ ಗೂಳಿಯ ಮೈ ಕೊಬ್ಬಿದ ಮೇಕೆಯಷ್ಟಿತ್ತು. ಆರ್ಲಿನ್ ನಿಯಮದಂತೆ ಚೀಟಿಯನ್ನು ಕತ್ತರಿಸಿ ಕೊಂಬಿಗೆ ಕಟ್ಟಿದ. ಗಾರ್ತ್ ಟೇಪು ಹಿಡಿದ. ಅಳೆದ. ಟೇಪನ್ನು ಅಂಗಿಗೆ ಒರೆಸಿ ಮತ್ತೆ ಅಳೆದ.

"ನೂರ ಮೂವತ್ನಾಲ್ಕು," ಎಂದ, ಬೇರೆ ಯಾರೋ ಹೊಡೆದದ್ದರ ಬಗ್ಗೆ ಹೇಳುವಂತೆ.

"ಒಣಗಿದ ಮೇಲೆ ಇನ್ನೂ ಒಂದೆರಡು ಇಂಚು ಇಳಿಯುತ್ತೆ," ಎಂದು ಡೆಲ್ಮರ್ ಸಮಾಧಾನ ಹೇಳಿದ.

ಆರ್ಲಿನ್ ಜಿಂಕೆಯ ತಲೆಯ ಬಳಿ ಕುಸಿದು ಕೂತ. ಕೈಗೆ ಏನಾದರೂ ಕೆಲಸ ಬೇಕಿತ್ತು. ಕ್ಷೌರಿಕನ ರೂಢಿಯಂತೆ ಅದರ ಕಿವಿಯ ಮೇಲಿನ ಕೂದಲನ್ನು ಬೆರಳಿನಿಂದ ಸರಿಸಿದ. ಬೆರಳು ಬೇಗ ತುದಿಗೆ ಬಂತು.

"ಗಾರ್ತ್, ಇದರ ಕಿವಿ ಎಲ್ಲಿ?"

ಎರಡೂ ಕಿವಿ ಮೊಂಡಾಗಿದ್ದವು. ತುದಿ ಚೂಪಿಲ್ಲ, ಚಮಚದಂತೆ ದುಂಡಗೆ, ಅಲ್ಲಿ ರೋಮವೂ ಇಲ್ಲ. ಡೆಲ್ಮರ್ ಬಗ್ಗಿ ನೋಡಿದ. "ಹಿಮ ಕಚ್ಚಿದೆ ಕಣೋ. ಮರಿ ಇದ್ದಾಗ ಉದುರಿರ್ಬೇಕು. ಚಳಿಗಾಲದಲ್ಲಿ ಹುಟ್ಟಿದ ಕರುಗಳಿಗೂ ಹಿಂಗೇ ಆಗುತ್ತೆ."

ಮೊದಲು ಚೇತರಿಸಿಕೊಂಡವನು ಗಾರ್ತ್.

"ಹಾಗಾದ್ರೆ ನನ್ನ ಅಂದಾಜಲ್ಲಿ ತಪ್ಪಿಲ್ಲ. ಅಳತೆಪಟ್ಟೀನೇ ಮೊಂಡು. ತಪ್ಪು ಜಿಂಕೇದು."

"ನಾನು ಪುಟ್ಟದು ಅಂದೆ," ಎಂದ ಆರ್ಲಿನ್ ಮೆಲ್ಲಗೆ. "ಹೊಡೆಯೋಕೆ ಮುಂಚೆನೇ ಅಂದೆ."

ಡೆಲ್ಮರ್‌ಗೆ ಸಿಟ್ಟೇ ಬಂತು. "ಪುಟ್ಟದು ಅಂದ್ಯಪ್ಪ, ಕಿವಿ ಮೊಂಡು ಅಂದ್ಯಾ? ಬೆಳಗಿಂದ ಸಾಯಂಕಾಲದವರೆಗೂ ಜನಗಳ ಕಿವಿ ಸುತ್ತಾನೇ ಕತ್ತರಿ ಆಡಿಸೋನು ನೀನು! ನಿಂಗೂ ಕಾಣ್ಲಿಲ್ಲ ಅಂದ್ರೆ ಇನ್ಯಾರಿಗೆ ಕಾಣ್ಬೇಕು? ನೂರ ತೊಂಬತ್ತೆರಡರ ಗಂಡನ್ನ ಹಾಳು ಮಾಡಿಬಿಟ್ಯಲ್ಲೋ!"

ಗಾರ್ತ್ ಹೌದೆಂದು ತಲೆಯಾಡಿಸಿದ. ಆಮೇಲೆ ಎಷ್ಟಾದರೂ ಸರ್ಟಿಫಿಕೇಟು ಪಡೆದವನಾದ್ದರಿಂದ ಮಂಡಿಯೂರಿ, ಟೇಪು ಎಳೆದು, ಕೊನೆಯ ಬೆಳಕಿನಲ್ಲಿ ಕಿವಿಗಳನ್ನೂ ಅಳೆದ.

ಎಡಗಿವಿಯಲ್ಲಿ ಮೂರಿಂಚು ಹೋಗಿತ್ತು. ಬಲಗಿವಿಯಲ್ಲಿ ಮೂರೂವರೆ.