ಯಾವಾಗ ಬರ್ತಿ ತಮ್ಮಾ?

ಪ್ರಲ್ಹಾದನಿಗೆ ಸತ್ತವರ ಕಡೆಯಿಂದ ಕರೆ ಬಂದದ್ದು ಒಂದೇ ಒಂದು ಶಬ್ದದ ದೆಸೆಯಿಂದ. ಆ ಶಬ್ದ ‘ಬರ್ತೀನ್ರಿ’.

ಯಾರ ಮನೆಯಿಂದ ಎದ್ದರೂ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು ಎಂದು ಅವನ ತಾಯಿ ಕಲಿಸಿದ್ದಳು. ಸತ್ತವರ ಮನೆಯಿಂದ ಮಾತ್ರ ಏನೂ ಅನ್ನದೆ ಸುಮ್ಮನೆ ಎದ್ದು ಬರಬೇಕು ಎಂಬ ಎರಡನೆಯ ಪಾಠ ಹೇಳುವಷ್ಟರಲ್ಲಿ ಹುಡುಗ ಆಟಕ್ಕೆ ಓಡಿಹೋಗಿದ್ದ. ಹೀಗಾಗಿ ಕಳೆದ ವರ್ಷ ಯೆರವಡಾದ ಶಂಕ್ರೆಪ್ಪನವರು ತೀರಿಕೊಂಡಾಗ, ‘ಪಡಸಾಲಿ’ಯಲ್ಲಿದ್ದ ಅವರ ಪುಟದ ಮೇಲೆ ಪ್ರಲ್ಹಾದ ಬರೆದದ್ದು ಹೀಗೆ: ‘ಭಾಳ ಚಲೋ ಮನಷ್ಯಾ ಇದ್ರಿ ಕಾಕಾ. ದೇವರು ನಿಮ್ಮ ಆತ್ಮಕ್ಕ ಶಾಂತಿ ಕೊಡ್ಲಿ. ಬರ್ತೀನ್ರಿ.’

ಪಡಸಾಲಿ ಎಂದರೆ ಪುಣೆಯ ಕನ್ನಡಿಗರು ಕಂಪ್ಯೂಟರಿನಲ್ಲಿ ಕೂಡುತ್ತಿದ್ದ ತಾಣ. 2005ರಲ್ಲಿ ಅದು ಶುರುವಾದಾಗ ಜನ ಸಂತೆಗೆ ಬಂದಂತೆ ಬಂದರು. ಬೆಳಿಗ್ಗೆ ಎದ್ದು ಇಂಗ್ಲಿಷ್ ಅಕ್ಷರಗಳಲ್ಲಿ ‘ಚಹಾ ಆತ್ರಿ?’ ಎಂದು ಒಬ್ಬ ಬರೆದರೆ, ನೂರು ಜನ ‘ಆತ್ರಿ, ನಿಮ್ದು?’ ಎನ್ನುತ್ತಿದ್ದರು. ಆಮೇಲೆ ಹುಡುಗರ ಹಿಂದೆ ಅಪ್ಪಂದಿರು ಬಂದರು. ಅಪ್ಪಂದಿರನ್ನು ಕಂಡು ಹುಡುಗರು ‘ಓಣಿ’ ಎಂಬ ಹೊಸ ತಾಣಕ್ಕೆ ಓಡಿದರು. ಮಕ್ಕಳು ಏನು ಮಾಡುತ್ತಿದ್ದಾರೋ ನೋಡೋಣವೆಂದು ಅಪ್ಪಂದಿರೂ ಅಲ್ಲಿಗೇ ಹೋದರು. ಪಡಸಾಲಿಯಲ್ಲಿ ಉಳಿದವನು ಪ್ರಲ್ಹಾದ ಒಬ್ಬನೇ. ಅಲ್ಲಿ ಅವನಿಗೆ ನಾನೂರ ಹನ್ನೆರಡು ಗೆಳೆಯರಿದ್ದರು. “ಕಟ್ಟಿದ ಮನಿ ಬಿಟ್ಟು ಬಾಡಿಗಿ ಮನಿಗೆ ಯಾರು ಹೋಗ್ತಾರ್ರಿ?” ಎನ್ನುತ್ತಿದ್ದ. ಮೂವತ್ತೆಂಟಾದರೂ ಮದುವೆಯಾಗದ ಗಂಡಸಿಗೆ ಕಟ್ಟಿದ ಮನೆ ಎಂದರೆ ಅದೊಂದೇ.

2009ರ ಮಾರ್ಚ್ ತಿಂಗಳ ಒಂದು ಗುರುವಾರ, ಶಿವಾಜಿನಗರದ ಆಫೀಸಿನಲ್ಲಿ ಕೂತು, ದಿನದ ರೂಢಿಯಂತೆ ಅವನು ಪಡಸಾಲಿಯ ಬಾಗಿಲು ತೆರೆದ. ಎಂಟು ತಿಂಗಳಿಂದ ಯಾರೂ ಏನೂ ಬರೆಯದಿದ್ದ ಅವನ ಪುಟದ ಮೇಲೆ ಒಂದು ಮಾತು ಬಂದು ಕೂತಿತ್ತು. ಬರೆದವರ ಹೆಸರು ಶಂಕ್ರೆಪ್ಪ. ಪಕ್ಕದಲ್ಲಿ ಅವರದೇ ಫೋಟೊ, ಅದೇ ಬಿಳಿ ಟೊಪ್ಪಿಗೆ.

‘ಬರ್ತೀನಿ ಅಂದಿದ್ದಿ. ಯಾವಾಗ ಬರ್ತಿ ತಮ್ಮಾ?’

ಪ್ರಲ್ಹಾದನ ಬೆನ್ನಿನ ಮೇಲೆ ಹಲ್ಲಿ ಹರಿದಂತಾಯಿತು. ಪಕ್ಕದ ಮೇಜಿನ ದೇವದಾಸ್ ಇಣುಕಿದ.

“ಅರೆ ಬಾಪರೆ! ಇವರು ತೀರಿಕೊಂಡಾರಲ್ಲೋ?”

“ನಾನs ಸುಡಗಾಡತನಕ ಹೋಗಿ ಬಂದೇನಿ ಮಾರಾಯಾ.”

“ಹಂಗಾರ ಸುಮ್ಮ ಕೂಡಬ್ಯಾಡ, ಉತ್ತರಾ ಕೊಡು. ಹಿರ್ಯಾರಿಗೆ ಸಿಟ್ಟ ಬರ್ತದ.”

ಪ್ರಲ್ಹಾದ ಬರೆದ: ‘ಸದ್ಯಕ್ಕ ಆಗಂಗಿಲ್ರಿ ಕಾಕಾ. ಮಾರ್ಚ್ ಎಂಡಿಂಗ್ ಅದ.’

ಹತ್ತು ನಿಮಿಷಕ್ಕೆ ಉತ್ತರ ಬಂತು.

‘ಎಲ್ಲಾರಿಗೂ ಕೆಲಸ ಇದ್ದs ಇರ್ತದ. ಇಲ್ಲಿ ಭಾಳ ಬ್ಯಾಸರ ಅದ, ಮಾತಾಡಾಕ ಯಾರೂ ಇಲ್ಲ. ಇವತ್ತ ಸಂಜೀ ಆರರೊಳಗ ಬಾ.’

ದೇವದಾಸ್ ಒಳ್ಳೆಯ ಮನುಷ್ಯ, ಆದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದು ಜರಡಿಯಲ್ಲಿ ನೀರು ನಿಂತಷ್ಟೇ. ಓಣಿಯಲ್ಲಿ ಸುದ್ದಿ ಹಾಕಿದ. ಮಧ್ಯಾಹ್ನದ ಊಟದ ಹೊತ್ತಿಗೆ, ಮರೆತ ಪಾಸ್‌ವರ್ಡುಗಳನ್ನು ನೆನಪು ಮಾಡಿಕೊಂಡು ಇನ್ನೂರು ಜನ ಪಡಸಾಲಿಗೆ ಮರಳಿದರು. ‘ಕಾಕಾ, ಮ್ಯಾಲ ಹವಾ ಹೆಂಗದ?’ ಎಂದು ಒಬ್ಬ ಕೇಳಿದ. ‘ನಮ್ಮವ್ವ ಭೆಟ್ಟಿ ಆದ್ರ ಹೋಳಿಗಿ ಹೂರಣಕ್ಕ ಬೆಲ್ಲಾ ಎಷ್ಟು ಕೇಳ್ರಿ’ ಎಂದು ಒಬ್ಬಳು ಬೇಡಿಕೊಂಡಳು. ತನ್ನ ಪಡಸಾಲಿ ಮತ್ತೆ ತುಂಬಿದ್ದನ್ನು ಕಂಡು ಪ್ರಲ್ಹಾದನಿಗೆ ಕಣ್ಣು ತುಂಬಿ ಬಂತು. ಆದರೆ ಜನ ತುಂಬಿದ್ದು ಸಾಯುವವನ ಮಂಚದ ಸುತ್ತ ಎಂಬುದು ಹೊಳೆದೊಡನೆ ಅರ್ಧ ದಿನ ರಜೆ ಬರೆದುಕೊಟ್ಟು ಮನೆಗೆ ಓಡಿದ.

ಅಲ್ಲಿ ಪಕ್ಕದ ಮನೆಯ ಸಾವಂತ್ರವ್ವ ಬಾಗಿಲಲ್ಲೇ ನಿಂತಿದ್ದಳು. ಅವಳ ಗಂಡ ರಾಮಲಿಂಗಪ್ಪನಿಗೂ ಓಣಿಯ ಸುದ್ದಿ ಮುಟ್ಟಿತ್ತು.

“ಸತ್ತವರಿಗೆ ಬರ್ತೀನಿ ಅಂತಾರೇನೋ ಖೋಡಿ? ಅವರು ಪಾಪ, ಜಾಗಾ ಹಿಡಕೊಂಡು ಕುಂತಾರ!”

“ಈಗೇನ ಮಾಡ್ಲಿ ವೈನಿ?”

“ಆರರೊಳಗ ಅವರ ಮನೀಗೆ ಹೋಗು. ಹೊಸ್ತಿಲಕ್ಕ ಬೆನ್ನಾ ಕೊಟ್ಟು ನಿಂತು ‘ನಾ ಬರೂದಿಲ್ಲ’ ಅಂತ ಮೂರು ಸಲ ಅನ್ನು. ಅಂದ ಬಾಯಿಲೇ ಮಾತು ವಾಪಸ್ ತಗೋಬೇಕು.”

ರಾಮಲಿಂಗಪ್ಪ ಒಳಗಿನಿಂದಲೇ ಸೇರಿಸಿದ: “ಹೋಗೂ ಮುಂದ ನಮ್ಮ ಏಣಿ ಕೊಟ್ಟು ಹೋಗಪ್ಪಾ. ಆಮ್ಯಾಲೆ ಯಾರನ್ನ ಕೇಳೂದು?”

ಏಣಿ ಕೊಟ್ಟು ಪ್ರಲ್ಹಾದ ಯೆರವಡಾ ಬಸ್ಸು ಹಿಡಿದ. ಜೈಲಿನ ಗೋಡೆ ದಾಟಿ ಸಂದಿಯೊಳಗೆ ಹೊಕ್ಕಾಗ ಆರಕ್ಕೆ ಐದು ನಿಮಿಷ. ಗುರುವಾರ ಲೈನ್ ದುರಸ್ತಿಯ ದಿನವೆಂದು ಬೆಳಗಿನಿಂದ ಆ ಕಡೆ ಕರೆಂಟು ತೆಗೆದಿದ್ದರು. ಎರಡೂ ಕಡೆಯ ಮನೆಗಳು ಸಂದಿಯ ಮೇಲೆ ಬಾಗಿ, ಒಳಗೆಲ್ಲ ಆಗಲೇ ಕತ್ತಲೆ. ಶಂಕ್ರೆಪ್ಪನವರ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಊದುಬತ್ತಿಯ ವಾಸನೆ. ಅವನು ಹೊಸ್ತಿಲಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಕಿರುಚಿದ:

“ನಾ ಬರೂದಿಲ್ಲ! ನಾ ಬರೂದಿಲ್ಲ! ನಾ ಬರೂ...”

ಹೆಗಲ ಮೇಲೆ ತಣ್ಣನೆಯ ಕೈಯೊಂದು ಬಿತ್ತು.

“ಬಂದು ನಿಂತು ಬರೂದಿಲ್ಲ ಅಂತಿಯಲ್ಲೋ ತಮ್ಮಾ!”

ಪ್ರಲ್ಹಾದ ಕಣ್ಣು ತೆರೆದಾಗ ಅವನು ಚಾಪೆಯ ಮೇಲಿದ್ದ. ಶಂಕ್ರೆಪ್ಪನವರ ಹೆಂಡತಿ ಅವ್ವಮ್ಮ ಅವನ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಪಾತ್ರೆ ತೊಳೆಯುತ್ತಿದ್ದ ಕೈ ಇನ್ನೂ ಒದ್ದೆ ಇತ್ತು.

“ಪಡಸಾಲಿಯೊಳಗ ನೀವs ಬರದದ್ದೇನ್ರಿ ಅವ್ವಾ?”

“ನನಗೆಲ್ಲಿ ಬರಿಯಾಕ ಬರ್ತದೋ. ಮೊಮ್ಮಗಳು ಸ್ನೇಹಲ್ ಮಗರಪಟ್ಟಾದಾಗ ಆಫೀಸಿಗೆ ಹೋಗ್ತಾಳ. ಅಜ್ಜನ ಪುಟಾ ಆಕೀ ಕಡೆ ಅದ. ನಾ ಫೋನಿನ್ಯಾಗ ಹೇಳಿದೆ, ಆಕಿ ಬರದ್ಲು.” ಅವ್ವಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಇವತ್ತ ಅವರದು ವರ್ಷದ ದಿನಾ. ಅವರು ಹೋದಾಗ ಅರವತ್ತು ಮಂದಿ ಬರದಿದ್ರಂತ. ಎಲ್ಲಾರೂ ಶಾಂತಿ ಸಿಗ್ಲಿ ಅಂದವರs. ಬರ್ತೀನಿ ಅಂದಾಂವ ನೀ ಒಬ್ಬನs. ವರ್ಷೆಲ್ಲಾ ದಾರಿ ನೋಡಿದೆ.”

ಪ್ರಲ್ಹಾದ ಎದ್ದು ಕೂತ. ಮೇಣಬತ್ತಿಯ ಬೆಳಕಿನಲ್ಲಿ ಗೋಧಿ ಹುಗ್ಗಿ ಉಂಡ. ಅವಳು ಹೇಳಿದ ಶಂಕ್ರೆಪ್ಪನವರ ಕತೆಗಳನ್ನೆಲ್ಲ ಕೇಳಿದ. ಮೊಬೈಲಿನ ಬ್ಯಾಟರಿ ಯಾವಾಗ ಮುಗಿದಿತ್ತೋ ಗೊತ್ತಿಲ್ಲ. ಬದುಕಿದೆನೆಂಬ ಸಂತೋಷದಲ್ಲಿ ಅದರ ಕಡೆ ಲಕ್ಷ್ಯವೂ ಹೋಗಲಿಲ್ಲ.

ಇತ್ತ ಆರು ಗಂಟೆಗೆ ಸರಿಯಾಗಿ ದೇವದಾಸ್ ಫೋನ್ ಮಾಡಿದ. ಹತ್ತಲಿಲ್ಲ. ‘ಆರು ಆತು. ಪ್ರಲ್ಹಾದನ ಫೋನ್ ಬಂದ್ ಅದ’ ಎಂದು ಬರೆದ. ‘ಹೋದಾ?’ ಎಂದು ಒಬ್ಬ ಕೇಳಿದ. ಮುಂದಿನವನು ಬರೆಯುವಷ್ಟರಲ್ಲಿ ಆ ಪ್ರಶ್ನೆಯ ಚಿಹ್ನೆ ಎಲ್ಲೋ ಉದುರಿಹೋಗಿತ್ತು.

ಏಳೂವರೆಗೆ ಪ್ರಲ್ಹಾದ ಮನೆಗೆ ಬಂದು ಕಂಪ್ಯೂಟರ್ ಹಚ್ಚಿದ. ಪಡಸಾಲಿ ಮತ್ತೆ ಬಿಕೋ ಎನ್ನುತ್ತಿತ್ತು. ಅವನ ಪುಟದ ಮೇಲೆ ಒಂದೇ ಒಂದು ಸೂಚನೆ ಇತ್ತು: ‘ಪ್ರಲ್ಹಾದ ಅವರ ಶ್ರದ್ಧಾಂಜಲಿ ಓಣಿಯಲ್ಲಿ ನಡೆದದ. ಎಲ್ಲಾರೂ ಅಲ್ಲೇ ಬರ್ರಿ.’

ಇನ್ನು ಹಟ ಹಿಡಿಯುವಂತಿರಲಿಲ್ಲ. ಓಣಿಯಲ್ಲಿ ಅವನು ತನ್ನ ಹೆಸರಿನ ಖಾತೆ ತೆರೆದ. ಇನ್ನೂರ ಹದಿನಾಲ್ಕು ಜನ ಅವನನ್ನು ಹಾಡಿ ಹೊಗಳಿದ್ದರು. ಬದುಕಿದ್ದಾಗ ‘ಚಹಾ ಆತ್ರಿ?’ ಎಂದರೂ ಉತ್ತರ ಕೊಡದಿದ್ದವರು ಅವನ ನಗುವನ್ನು ನೆನೆದು ಅತ್ತಿದ್ದರು. ಎಲ್ಲರ ಕೆಳಗೆ ಅವನು ಬರೆದ: ‘ನಾ ಪ್ರಲ್ಹಾದ. ಈಗಷ್ಟs ಶಂಕ್ರೆಪ್ಪ ಕಾಕಾ ಅವರ ಮನಿಯಾಗ ಉಂಡು ಬಂದೇನಿ.’

ಉತ್ತರಗಳು ಒಂದರ ಹಿಂದೊಂದು ಬಂದವು.

‘ಇಲ್ಲಿಗೂ ಬಂತು!’ ಎಂದು ಒಬ್ಬ ಬರೆದ. ‘ಓಣಿಗೆ ಸೇರಿದ ವ್ಯಾಳ್ಯಾ ನೋಡ್ರಿ, ಸತ್ತು ಒಂದೂವರಿ ತಾಸಿಗೆ!’ ಎಂದ ಇನ್ನೊಬ್ಬ. ‘ಬ್ಯಾರೆ ಕಡೆ ನಡೀರಿ, ಅದಕ್ಕ ಹೇಳಬ್ಯಾಡ್ರಿ’ ಎಂದ ಮೂರನೆಯವ. ಪ್ರಲ್ಹಾದ ನೋಡುತ್ತಿದ್ದಂತೆಯೇ ಹೆಸರುಗಳು ದೀಪ ಆರಿದಂತೆ ಆರತೊಡಗಿದವು. ಇನ್ನೂರು ಇದ್ದದ್ದು ನೂರಾಯಿತು, ನೂರು ಹನ್ನೊಂದಾಯಿತು. ಕಡೆಗೆ ದೇವದಾಸನ ಹೆಸರೂ ಹೋಯಿತು.

ಕಂಪ್ಯೂಟರಿನ ಮಂದಿ ನಂಬದಿದ್ದರೆ ಬೇಡ, ಕಣ್ಣಾರೆ ಕಂಡವರಾದರೂ ನಂಬಲಿ ಎಂದು ಅವನು ಪಕ್ಕದ ಮನೆಯ ಬಾಗಿಲು ಬಡಿದ.

“ಯಾರದು?” ರಾಮಲಿಂಗಪ್ಪನ ದನಿ.

“ನಾನ್ರಿ, ಪ್ರಲ್ಹಾದ.”

ಒಳಗೆ ಎರಡನೆಯ ಚಿಲಕ ಬಿದ್ದ ಸಪ್ಪಳ.

“ನಾ ಬದಕೇನ್ರಿ ವೈನಿ!”

“ಮೊದಮೊದಲ ಎಲ್ಲಾರೂ ಹಂಗs ಅಂತಾರಪ್ಪಾ,” ಸಾವಂತ್ರವ್ವ ಒಳಗಿನಿಂದ ಮೆತ್ತಗೆ ಹೇಳಿದಳು. “ಸಾವಕಾಶ ತಿಳೀತದ. ಏನರ ಆಸೆ ಉಳದಿದ್ರ ಹೇಳು, ತೀರಸ್ತೀವಿ. ಒಳಗ ಮಾತ್ರ ಬರಬ್ಯಾಡ.”

ಕಿರುಚಿ, ಅಲೆದು ಪ್ರಲ್ಹಾದನ ಗಂಟಲು ಒಣಗಿತ್ತು. ವಾದ ಮಾಡುವ ತ್ರಾಣ ಉಳಿದಿರಲಿಲ್ಲ.

“ಒಂದು ಕಪ್ ಚಹಾ ಸಿಕ್ಕಿದ್ರ ಚಲೋ ಇತ್ರಿ.”

ಸ್ವಲ್ಪ ಹೊತ್ತಿಗೆ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಬಳೆ ತೊಟ್ಟ ಕೈಯೊಂದು ಬಾಳೆಲೆಯ ತುಂಡಿನ ಮೇಲೆ ಕಪ್ಪು ಇಟ್ಟು ಫಕ್ಕನೆ ಒಳಗೆ ಸರಿಯಿತು. ಅವನು ಮೆಟ್ಟಿಲ ಮೇಲೆ ಕೂತು ಒಂದು ಗುಟುಕು ಕುಡಿದ.

ಬಾಗಿಲ ಹಿಂದಿನಿಂದ, ನದಿಯ ದಂಡೆಯಲ್ಲಿ ಪಿಂಡವಿಟ್ಟು ಕಾಗೆಯ ದಾರಿ ಕಾಯುವವರ ದನಿಯಲ್ಲಿ ರಾಮಲಿಂಗಪ್ಪ ಪಿಸುಗುಟ್ಟಿದ:

“ಮುಟ್ಟಿತೇನs?”

ಬಾಗಿಲ ಸಂದಿಗೆ ಕಣ್ಣು ಹಚ್ಚಿದ್ದ ಸಾವಂತ್ರವ್ವ ನಿಟ್ಟುಸಿರು ಬಿಟ್ಟಳು.

“ಮುಟ್ಟಿತ್ರಿ! ಪಾಪ, ಗಟಗಟ ಕುಡ್ಯಾಕತ್ತೇದ. ಇನ್ನ ಆತನ ಹೆಸರು ಅಳಸಿಬಿಡ್ರಿ ಅಂತ ಎಲ್ಲಾರಿಗೂ ಬರೀರಿ.”