ಹಲಸಿನ ಮರದ ಗಂಟಲು

ನಾನು ಮಿಡಲ್ ಸ್ಕೂಲಿನ ಮೇಷ್ಟ್ರು. ಹಗಲೆಲ್ಲ ಮಕ್ಕಳ ಗದ್ದಲ ಕೇಳಿ ಸುಸ್ತಾಗಿ ಮನೆಗೆ ಬಂದರೆ ಬೀದಿಯ ತುಂಬ ಮಗ್ಗಗಳ ಗದ್ದಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎಲ್ಲರೂ ಸೀರೆ ನೇಯುವವರು. ಎಡಗಡೆ ಮನೆ ಟಕ್ ಎಂದರೆ ಬಲಗಡೆ ಮನೆ ಟಕಾ ಎನ್ನುತ್ತದೆ, ಎದುರು ಮನೆ ಎರಡಕ್ಕೂ ತಾಳ ಹಾಕುತ್ತದೆ. ಇದರ ನಡುವೆ ನಾನೊಂದು ರೇಡಿಯೋ ಇಟ್ಟುಕೊಂಡಿದ್ದೆ. ಯುದ್ಧ ಮುಗಿದ ಮರುವರ್ಷ, ವರ್ಗವಾಗಿ ಹೋಗುತ್ತಿದ್ದ ಒಬ್ಬ ಇಂಜಿನಿಯರರಿಂದ ಕೊಂಡದ್ದು. ಅದರೊಳಗಿನ ಸ್ಪೀಕರು ನನ್ನ ಅಂಗೈಯಷ್ಟು. ಮೈಸೂರಿನಲ್ಲಿ ಯಾರೋ ವಿದ್ವಾಂಸರು ತೋಡಿ ರಾಗ ಎತ್ತಿಕೊಂಡರೆ ನಮ್ಮ ಹಜಾರಕ್ಕೆ ತಲುಪುವ ಹೊತ್ತಿಗೆ ಅದು ಸೊಳ್ಳೆಯ ಸಂಗೀತವಾಗಿರುತ್ತಿತ್ತು. ಹಾಡುತ್ತಿರುವವರು ಗಂಡಸೋ ಹೆಂಗಸೋ ಎಂದು ತಿಳಿಯಬೇಕಾದರೆ ಅದಕ್ಕೆ ಕಿವಿಯಾನಿಸಿ ಬಗ್ಗಿ ಕೂರಬೇಕು. ಹೀಗೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು.

"ಸಂಗೀತ ಕೇಳಿ ಸೊಂಟ ನೋಯಿಸ್ಕೊಂಡೋರ್ನ ನಾನಂತೂ ಕಂಡಿರ್ಲಿಲ್ಲ," ಎಂದಳು ನನ್ನ ಹೆಂಡತಿ ಅನುಸೂಯ, ಹರಳೆಣ್ಣೆ ತಿಕ್ಕುತ್ತ.

ಬೋರಲು ಮಲಗಿದ್ದ ಆ ಸ್ಥಿತಿಯಲ್ಲೇ ನನಗೆ ಜ್ಞಾನೋದಯವಾದದ್ದು. (ಇತರ ಮಹನೀಯರಿಗೆ ಮರದ ಕೆಳಗೆ ಆಗುತ್ತದೆ. ನನಗೆ ಹರಳೆಣ್ಣೆಯ ಕೆಳಗೆ.) ಬೆಂಗಳೂರಿನ ವಾಚನಾಲಯವೊಂದರಲ್ಲಿ ಒಂದು ಇಂಗ್ಲಿಷ್ ಮಾಸಪತ್ರಿಕೆ ಓದಿದ್ದೆ. ಧ್ವನಿ ದಪ್ಪವಾಗಬೇಕಾದರೆ ಸ್ಪೀಕರು ದೊಡ್ಡದಿರಬೇಕು, ಅದನ್ನು ಕೂರಿಸುವ ಮರದ ಪೆಟ್ಟಿಗೆ ಇನ್ನೂ ದೊಡ್ಡದಿರಬೇಕು, ಹಲಗೆ ಅಲುಗದಷ್ಟು ದಪ್ಪವಿರಬೇಕು ಎಂದು ಅದರಲ್ಲಿ ಬರೆದಿತ್ತು. ಯುದ್ಧಕ್ಕೆಂದು ತರಿಸಿದ್ದ ಸಾಮಾನು ಆಗ ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ ರಾಶಿ ಬಿದ್ದಿತ್ತು. ಉಳಿದದ್ದು ಹಲಗೆ. ಅದೂ ಮನೆಯಲ್ಲೇ ಇತ್ತು.

ಇಲ್ಲಿಂದ ನನ್ನ ಕಷ್ಟಗಳು ಶುರುವಾಗುತ್ತವೆ. ಆ ಹಲಗೆಗಳು ತೂಬಗೆರೆಯಿಂದ ನಮ್ಮ ಮಾವನವರು ಕಳಿಸಿದ್ದು. ಹಿತ್ತಲಿನ ಹಲಸಿನ ಮರ ಕಡಿಸಿದಾಗ, ಮಗಳ ಮನೆಯ ಬಚ್ಚಲಿಗೆ ಬಾಗಿಲಿಲ್ಲವೆಂದು ಗಾಡಿಯಲ್ಲಿ ಹೇರಿ ಕಳಿಸಿದ್ದರು. ನಮ್ಮ ಬಚ್ಚಲಿಗೆ ಇದ್ದದ್ದು ಗೋಣಿತಾಟಿನ ಪರದೆ. ಗಾಳಿ ಬಂದಾಗ ಒಳಗಿದ್ದವರು ಒಂದು ಕೈಯಲ್ಲಿ ಪರದೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸ್ನಾನ ಮಾಡಬೇಕು.

"ಬಾಗಿಲು ಎಲ್ಲರ ಮನೆಯಲ್ಲೂ ಇರುತ್ತೆ," ಎಂದೆ ನಾನು, ಆದಷ್ಟು ಗಂಭೀರವಾಗಿ. "ಧ್ವನಿಪೇಟಿಕೆ ಇಡೀ ತಾಲ್ಲೂಕಿನಲ್ಲೇ ಇಲ್ಲ."

"ಅದೇ ನಾನೂ ಹೇಳ್ತಿರೋದು. ಎಲ್ಲರ ಮನೇಲೂ ಇರೋದು ನಮ್ಮನೇಲಿ ಇಲ್ಲ."

ಈ ವಾದ ಹಲವು ಊಟಗಳ ಉದ್ದಕ್ಕೂ ನಡೆಯಿತು. ಕೊನೆಗೆ ನಾನು ಒಂದು ಪೆಟ್ಟಿಗೆ ಹಜಾರಕ್ಕೆ, ಇನ್ನೊಂದು ಅಡಿಗೆಮನೆಗೆ ಎಂದೆ. "ಹಾಡೆಲ್ಲ ನಿಮಗೆ, ಹೊಗೆಯೆಲ್ಲ ನನಗೆ" ಎಂದು ಅವಳು ಆಗಾಗ ಅನ್ನುತ್ತಿದ್ದಳಲ್ಲ, ಅದಕ್ಕೆ ಪರಿಹಾರ. ಅವಳು ಒಪ್ಪಿದಳು ಅನ್ನಲಾರೆ. ಮಾತಾಡಿ ಬೇಸತ್ತು ಸುಮ್ಮನಾದಳು. ಮದುವೆಯಾದವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ಭಾನುವಾರ, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು ಹತ್ತಿ, ಇಳಿಜಾರಿನಲ್ಲಿ ಅದರ ಮೇಲೂ ಏರಿನಲ್ಲಿ ಅದರ ಹಿಂದೆಯೂ ಪ್ರಯಾಣ ಮಾಡಿ, ಬೆಂಗಳೂರು ಸೇರಿದೆ. ಗುಜರಿ ಅಂಗಡಿಯಲ್ಲಿ ಸಿಪಾಯಿಗಳ ಬೂಟು, ನೀರಿನ ಡಬ್ಬಿ, ಕಬ್ಬಿಣದ ಟೋಪಿಗಳ ಅಡಿಯಲ್ಲಿ ಸ್ಪೀಕರುಗಳು ಬಿದ್ದಿದ್ದವು. ಒಂದೊಂದೂ ಊಟದ ತಟ್ಟೆಯಗಲ, ಹಿಂದೆ ಕಲ್ಲುಗುಂಡಿನಂಥ ಅಯಸ್ಕಾಂತ. ನಾನು ಒಂದೊಂದನ್ನೇ ಎತ್ತಿ, ಕಾಗದದ ಶಂಕುವನ್ನು ಬೆರಳಿನಿಂದ ಮೆಲ್ಲಗೆ ಅದುಮಿ, ತಟ್ಟಿ, ಕಿವಿಗಿಟ್ಟು ಕೇಳಿದೆ. ಒಂದರ ಕಾಗದ ನೆನೆದ ಹಪ್ಪಳವಾಗಿತ್ತು. ಇನ್ನೊಂದು ಒಳಗೇ ಕೆರೆದುಕೊಳ್ಳುತ್ತಿತ್ತು. ಒಂದು ಮೂಕಿ.

"ಸ್ವಾಮಿ, ಕುಂಬಳಕಾಯಿ ನೋಡ್ದಂಗೆ ನೋಡ್ತಾ ಇದೀರಲ್ಲ," ಎಂದ ಅಂಗಡಿಯವನು. "ಸಾಂಬಾರ್ ಮಾಡೋಕಾ?"

ಅವನನ್ನು ಲೆಕ್ಕಿಸದೆ, ಜಾತಕ ನೋಡಿ ಗಂಡುಹೆಣ್ಣು ಕೂಡಿಸುವ ಪುರೋಹಿತರ ತಾಳ್ಮೆಯಿಂದ, ಒಂದೇ ಧ್ವನಿಯ ಎರಡನ್ನು ಆರಿಸಿ ಹೆಗಲಿಗೆ ಹಾಕಿಕೊಂಡು ಬಂದೆ. ಬಂದವನು ಮಲಗಿದೆ.

ಬಡಗಿ ಚಿಕ್ಕಬೀರಪ್ಪ ಹಲಗೆ ಕೊಯ್ದ. ಎದೆಯೆತ್ತರದ ಎರಡು ಪೆಟ್ಟಿಗೆ, ಬೇಕಾದಾಗ ತೆಗೆದು ಕೈಹಾಕಲು ಹಿಂದೆ ಒಂದೊಂದು ಬಾಗಿಲು. ರಾಗಿ ತುಂಬುವ ಪೆಟ್ಟಿಗೆ ಎಂದೇ ಅವನು ತಿಳಿದಿದ್ದ. ಮುಂದೆ ತಟ್ಟೆಯಗಲದ ತೂತು ಕೊರೆಯಲು ಹೇಳಿದಾಗ ಉಳಿ ಕೆಳಗಿಟ್ಟು ನನ್ನನ್ನೇ ನೋಡಿದ. "ತೂತು ಕೊರುದ್ರೆ ಹಾಕಿದ್ದೆಲ್ಲ ಸೋರೋಗುತ್ತಲ್ಲ ಮೇಷ್ಟ್ರೇ."

"ಸೋರೋಕೇ ಮಾಡ್ತಿರೋದು ಕಣಯ್ಯ. ಸಂಗೀತ ಸೋರಬೇಕು."

ಅವನು ಅನುಸೂಯಳ ಕಡೆ ನೋಡಿದ. ಅವಳು ಅವನ ಕಡೆ ನೋಡಿದಳು. ಇಬ್ಬರೂ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಅರಗು ಕಾಯಿಸಿ ಸಂದುಗಳಿಗೆ ಮೆತ್ತಿದ್ದು, ಹಲಗೆ ಉಜ್ಜಿದ್ದು ಎಲ್ಲ ನಾನೇ. ಬೊಬ್ಬೆ ಎದ್ದ ಕೈಯಲ್ಲಿ ಸೀಮೆಸುಣ್ಣ ಹಿಡಿಯಲಾಗದೆ ಶಾಲೆಯಲ್ಲಿ ಮಕ್ಕಳಿಗೆ ಬಾಯಿಲೆಕ್ಕ ಹೇಳಿಕೊಡುತ್ತಿದ್ದೆ. ಪೆಟ್ಟಿಗೆಯೊಳಗೆ ಹತ್ತಿಯ ಹೊದಿಕೆ ಕೊಟ್ಟರೆ ಧ್ವನಿ ಮೆತ್ತಗಾಗುತ್ತದೆ ಎಂದು ಪತ್ರಿಕೆಯಲ್ಲಿತ್ತು. ಮನೆಯಲ್ಲಿ ಹತ್ತಿ ಎಲ್ಲಿರುತ್ತದೆ? ನನ್ನ ಹಾಸಿಗೆಯಲ್ಲಿ. ಅಲ್ಲಿಂದ ಮುಂದೆ ಸಂಗೀತ ಹಾಸಿಗೆಯ ಮೇಲೆ ಮಲಗಿತು, ನಾನು ಚಾಪೆಯ ಮೇಲೆ.

ಹಜಾರದ ಪೆಟ್ಟಿಗೆಯನ್ನು ಮೊದಲು ಜೋಡಿಸಿ ನೋಡಿದೆ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಮೃದಂಗದ ಗುಂಕಿ ಎದೆಗೆ ಬಂದು ತಟ್ಟಿತು. ಮಗ್ಗಗಳ ಸದ್ದು ಎಲ್ಲೋ ಅಡಗಿಹೋಯಿತು. ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಶಾಲೆಯಲ್ಲಿ ಫಸ್ಟ್ ಅಸಿಸ್ಟೆಂಟರ ಜಾಗ ಖಾಲಿಯಾಗಿತ್ತು, ನನ್ನ ಕಣ್ಣು ಅದರ ಮೇಲಿತ್ತು. ನಮ್ಮ ಹೆಡ್‌ಮೇಷ್ಟ್ರು ಆದಿನಾರಾಯಣಪ್ಪನವರು ಶಿಫಾರಸು ಮಾಡಬೇಕು. ಅವರಿಗೆ ಸಂಗೀತವೆಂದರೆ ಪ್ರಾಣ. ದಿನಾ ಬೆಳಿಗ್ಗೆ ಶಾಲೆಯ ಪ್ರಾರ್ಥನೆಯನ್ನು ತಾವೇ ಹಾಡುತ್ತಾರೆ. ಹೇಗೆ ಹಾಡುತ್ತಾರೆ ಎಂಬುದು ಇಲ್ಲಿ ಬೇಡ.

ಅವರನ್ನು ರೇಡಿಯೋದಲ್ಲಿ ಸಂಜೆಯ ಸಂಗೀತ ಕಚೇರಿ ಕೇಳಲು ಕರೆದೆ. ಹಿಂದಿನ ಮನೆಯ ನೂಲಿನ ಅಂಗಡಿ ಗೋಪಾಲಪ್ಪನವರನ್ನೂ ಕರೆದೆ. ಅವರ ಹೆಂಡತಿ ಗಂಗಲಕ್ಷ್ಮಮ್ಮ ಅನುಸೂಯಳಿಗೆ ವಡೆ ಕರಿಯಲು ನೆರವಾಗಲು ಹಿತ್ತಲ ಬಾಗಿಲಿಂದ ಬಂದರು. ಅಡಿಗೆಮನೆಯ ಪೆಟ್ಟಿಗೆಗೆ ನಾನು ತಂತಿ ಎಳೆದದ್ದು ಅದೇ ಮಧ್ಯಾಹ್ನ. ಅಂಗಳ ದಾಟಿಸಿ, ಕಿಟಕಿಯಲ್ಲಿ ತೂರಿಸಿ, ರೇಡಿಯೋ ಹಿಂದೆ ಬಗ್ಗಿ ಅದರ ತುದಿಯನ್ನು ತೂತಿಗೆ ಸಿಕ್ಕಿಸುವಾಗ ಸೊಂಟ ಮತ್ತೆ ಹಿಡಿಯಿತು. ರೇಡಿಯೋ ಹಿಂದೆ ತೂತುಗಳು ಎರಡು ಜೊತೆ. ಒಂದು ಜೊತೆ ಹೊರಗಿನ ಸ್ಪೀಕರಿಗೆ, ಇನ್ನೊಂದು ಗ್ರಾಮಫೋನಿಗೆ. ಕಣ್ಣು ಕತ್ತಲಿಟ್ಟಿತ್ತು. ಕೈಗೆ ಸಿಕ್ಕ ತೂತಿಗೆ ತುರುಕಿದೆ.

ಹೆಡ್‌ಮೇಷ್ಟ್ರು ಜರಿ ರುಮಾಲು ಸುತ್ತಿ ಬಂದರು. ಪೆಟ್ಟಿಗೆಯನ್ನು ಸುತ್ತಲೂ ನೋಡಿ, "ಒಳ್ಳೇ ಗಂಭೀರವಾಗಿದೆ" ಎಂದರು. ನಾನು ರೇಡಿಯೋ ಹಚ್ಚಿದೆ. ಗರ್ ಎಂದಿತು. ತಿರುಗಿಸಿದೆ. ಕೊರ್ ಎಂದಿತು. ಬೆವರು ಒರೆಸಿಕೊಂಡು ಇದ್ದ ಗುಂಡಿಗಳನ್ನೆಲ್ಲ ತಿರುಗಿಸಿದೆ. ಒಂದು ಕಡೆ ಗರಗರ ಪೂರ್ತಿ ನಿಂತು ತಣ್ಣಗಾಯಿತು. ಆಮೇಲೆ ಸ್ವಚ್ಛವಾಗಿ, ದುಂಡಗೆ, ಟಣ್ ಎಂದಿತು. ಹಿಂದೆಯೇ ನೀರು ಸುರಿದ ಸದ್ದು.

"ಜಲತರಂಗ," ಎಂದರು ಹೆಡ್‌ಮೇಷ್ಟ್ರು ಕಣ್ಣುಮುಚ್ಚಿ. "ಶ್ರುತಿ ಮಾಡ್ಕೋತಾ ಇದಾರೆ."

ಚೊಂಯ್ ಎಂಬ ಸದ್ದು ಬಂತು.

"ಮೈಸೂರಲ್ಲಿ ಮಳೆ ಅಂತ ಕಾಣುತ್ತೆ," ಎಂದರು ಗೋಪಾಲಪ್ಪ.

ಅಷ್ಟರಲ್ಲಿ ಒಂದು ಹೆಣ್ಣು ಧ್ವನಿ, ನಮ್ಮ ಮಧ್ಯೆಯೇ ಕೂತು ಹೇಳಿದಂತೆ, "ಅಕ್ಕ, ಸೌದೆ ಸ್ವಲ್ಪ ಹಿಂದಕ್ಕೆಳೀರಿ, ಸೀದೋಗುತ್ತೆ" ಎಂದಿತು.

"ಓ, ನಾಟಕ," ಎಂದರು ಹೆಡ್‌ಮೇಷ್ಟ್ರು. "ಇರ್ಲಿ, ಕೇಳೋಣ. ನಮ್ಮ ಕಡೆ ಮಾತು ಚೆನ್ನಾಗಿ ಬರೆದಿದಾರೆ."

ಆ ಧ್ವನಿ ಅನುಸೂಯಳದು. ಆಡಿಸಿದಾಗ ಮಾತಾಡುವ ಸ್ಪೀಕರು, ಅದರೆದುರು ಮಾತಾಡಿದರೆ ಕೇಳಿಸಿಕೊಂಡು ತಂತಿಯಲ್ಲಿ ಕಳಿಸಲೂ ಬಲ್ಲದು. ಇದೂ ಆ ಪತ್ರಿಕೆಯಲ್ಲಿತ್ತು. ಗ್ರಾಮಫೋನಿನ ತೂತಿಗೆ ನಾನು ತುರುಕಿದ್ದು ನನ್ನ ಅಡಿಗೆಮನೆಯನ್ನು. ಕಂಡಂತೆ ತಿರುಗಿಸಿದ ಗುಂಡಿ ಮೈಸೂರನ್ನು ಬಿಟ್ಟು ಅದನ್ನೇ ಹಾಡಿಸುತ್ತಿತ್ತು. ತಂತಿ ಕಿತ್ತರೆ ಗುಟ್ಟು ರಟ್ಟು. ಕೀಳದಿದ್ದರೆ ನಾಟಕವೆಂದೇ ಮುಗಿಯಬಹುದು. ಯಾರ ಹೆಸರೂ ಇನ್ನೂ ಬಂದಿರಲಿಲ್ಲ. ಸುಮ್ಮನೆ ಕೂತೆ.

"ಏನ್ಮಾಡೋದು ಅಕ್ಕ," ಎಂದಿತು ಪೆಟ್ಟಿಗೆ. "ಮದ್ವೆ ಆದಾಗಿಂದ ಒಂದಲ್ಲ ಒಂದು. ಮೊದ್ಲು ಜೇನು ಸಾಕ್ತೀನಿ ಅಂದ್ರು, ಬೀದಿಯೋರಿಗೆಲ್ಲ ಮುಖ ಊದ್ತು. ಆಮೇಲೆ ಫೋಟೋ ತೊಳೀತೀನಿ ಅಂತ ನನ್ನ ಸಾರಿನ ಪಾತ್ರೇಲಿ ಔಷ್ದಿ ಕಲಸಿದ್ರು. ಈಗ ಇದು."

"ಇಂಥೋರು ಎಲ್ಲಾ ಊರಲ್ಲೂ ಇರ್ತಾರೆ," ಎಂದು ನಕ್ಕರು ಹೆಡ್‌ಮೇಷ್ಟ್ರು.

"ಇರ್ತಾರೆ ಸಾರ್," ಎಂದೆ.

"ನಮ್ಮನೇರೇನು ಕಮ್ಮಿನಾ," ಎಂದಿತು ಎರಡನೆಯ ಧ್ವನಿ. "ತೂಕ ಹಾಕುವಾಗ ಅಷ್ಟು ಚುರುಕು. ಮನೇಲಿ ಒಂದು ಚೊಂಬು ಎತ್ತಿಡು ಅಂದ್ರೆ ಕಿವಿ ಕೇಳಲ್ಲ."

ಗೋಪಾಲಪ್ಪ ಹುಬ್ಬು ಗಂಟಿಕ್ಕಿದರು. "ಈ ಪಾತ್ರ ಮಾಡಿರೋರ ಗಂಟಲು ಎಲ್ಲೋ ಕೇಳ್ದಂಗಿದೆ."

"ಸ್ನಾನ ಮಾಡೋ ಬಚ್ಚಲಿಗೆ ಬಾಗಿಲಿಲ್ಲ ಅಕ್ಕ. ಮಾತಾಡೋ ಡಬ್ಬಕ್ಕೆ ಒಂದೊಂದಕ್ಕೂ ಒಂದು ಬಾಗಿಲು."

ಹೆಡ್‌ಮೇಷ್ಟ್ರು ತೊಡೆ ತಟ್ಟಿ ನಕ್ಕರು. ಆಮೇಲೆ ನಗು ನಿಧಾನವಾಗಿ, ನಮ್ಮ ಪೆಟ್ಟಿಗೆಯ ಕಡೆ ನೋಡಿದರು. ಅದರ ಹಿಂದಿನ ಬಾಗಿಲನ್ನೂ ನೋಡಿದರು.

"ಹಜಾರದಲ್ಲಿ ಜರಿ ರುಮಾಲು ಹಾಕ್ಕೊಂಡು ಕೂತಿದಾರಲ್ಲ, ಅವ್ರು ಯಾರು?" ಎಂದಿತು ಎರಡನೆಯ ಧ್ವನಿ.

"ಅವ್ರೇ ಹೆಡ್‌ಮೇಷ್ಟ್ರು, ಆದಿನಾರಾಯಣಪ್ಪೋರು."

ಹೆಡ್‌ಮೇಷ್ಟ್ರ ಕೈ ತಾನಾಗಿ ರುಮಾಲಿಗೆ ಹೋಯಿತು. ನನ್ನ ಕೈ ತಂತಿಗೆ ಹೋಯಿತು. ಅವರು ಇನ್ನೊಂದು ಕೈಯಿಂದ ನನ್ನನ್ನು ತಡೆದರು. "ಇರಲಿ ಬಿಡಿ. ಪೂರ್ತಿ ಆಗಲಿ."

"ಹಾಡ್ತಾರಂತಲ್ಲ."

"ಹಾಡ್ತಾರೆ. ನಮ್ಮನೇರು ದಿನಾ ಸ್ಕೂಲಿಂದ ಬಂದು ಅವ್ರ ಥರಾನೇ ಹಾಡಿ ತೋರಿಸ್ತಾರೆ. ಎಣ್ಣೆ ಕಾಣದ ಗಾಡಿ ಚಕ್ರ ಏರು ಹತ್ತಿದಂಗೆ ಅಂತ. ನಕ್ಕೂ ನಕ್ಕೂ ನಂಗೆ ಪಕ್ಕೆ ಹಿಡ್ಕೊಂಡ್ಬಿಡುತ್ತೆ. ಅವ್ರೆದುರಿಗೆ ಮಾತ್ರ, ತಮ್ಮಂಥ ಕಂಠ ಉಂಟಾ ಸಾರ್ ಅಂತಾರಂತೆ. ಮೇಲಿನ ಜಾಗ ಬೇಕಲ್ಲ."

ಗೋಪಾಲಪ್ಪ ತಮ್ಮ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದರು. ಪೆಟ್ಟಿಗೆಯ ಗುಣ ನೋಡಿ, ಒಂದು ಅಕ್ಷರ ಮಾಸಲಿಲ್ಲ, ಒಂದು ಒತ್ತು ಜಾರಲಿಲ್ಲ. ಜೀವಮಾನದಲ್ಲಿ ನಾನು ಸರಿಯಾಗಿ ಮಾಡಿದ ಒಂದೇ ಒಂದು ಕೆಲಸ ನನ್ನೆದುರು ನಿಂತು ನನ್ನ ಮಾನ ತೆಗೆಯುತ್ತಿತ್ತು.

"ಈ ಡಬ್ಬ ಮಾತಾಡ್ತಾನೇ ಇಲ್ವಲ್ಲ ಅನುಸೂಯಮ್ಮ," ಎಂದಿತು ಗಂಗಲಕ್ಷ್ಮಮ್ಮನ ಧ್ವನಿ.

"ಅದೇ ನಂಗೂ ಭಯ." ವಡೆ ತಿರುವಿದ ಸದ್ದು. "ಕೈಯೆಲ್ಲ ಬೊಬ್ಬೆ ಬರಿಸ್ಕೊಂಡು ಮಾಡಿದಾರೆ ಅಕ್ಕ. ಹಾಡ್ದೆ ಹೋದ್ರೆ ಅವ್ರ ಮುಖ ನೋಡಕ್ಕಾಗಲ್ಲ. ದೇವ್ರ ಮುಂದೆ ತುಪ್ಪದ ದೀಪ ಹಚ್ಚಿಟ್ಟಿದೀನಿ, ನಾಲ್ಕು ಜನದೆದುರಿಗೆ ಅವ್ರ ಮಾನ ಕಾಪಾಡಪ್ಪ ಅಂತ."

ಬೈಗುಳವನ್ನಾದರೂ ತಡೆದುಕೊಂಡಿದ್ದೆ. ಇದನ್ನು ತಡೆದುಕೊಳ್ಳುವುದು ಹೇಗೆ ಎಂದು ಗೊತ್ತಾಗದೆ ನೆಲ ನೋಡಿದೆ. ತಂತಿ ಕೀಳಲು ಈಗ ಯಾರೂ ಅಡ್ಡಿ ಮಾಡುತ್ತಿರಲಿಲ್ಲ. ನನಗೇ ಮನಸ್ಸು ಬರಲಿಲ್ಲ.

ಅನುಸೂಯ ವಡೆಯ ತಟ್ಟೆ ಹಿಡಿದು ಬಂದಳು. ಮೂವರು ಗಂಡಸರು ಸುಮ್ಮನೆ ಕೂತಿರುವುದನ್ನು ನೋಡಿ ಅವಳ ಮುಖ ಬಾಡಿತು. "ಹಾಡ್ಲಿಲ್ವಾ?" ಎಂದಳು ಮೆಲ್ಲಗೆ.

"ಚೆನ್ನಾಗಿ ಹಾಡ್ತಮ್ಮ," ಎಂದರು ಹೆಡ್‌ಮೇಷ್ಟ್ರು. ಒಂದು ವಡೆಯನ್ನು ಪೂರ್ತಿ ಅಗಿದು ನುಂಗಿ, ಕೈ ಒರೆಸಿಕೊಂಡು ಎದ್ದರು. "ವೆಂಕಟರಾಮಪ್ಪ, ಪೆಟ್ಟಿಗೆ ಬಗ್ಗೆ ಎರಡು ಮಾತಿಲ್ಲ. ನಾಳೆಯಿಂದ ಬೆಳಗಿನ ಪ್ರಾರ್ಥನೆ ನೀವೇ ಹಾಡಿ. ಎಣ್ಣೆ ಕಂಡಿರೋ ಚಕ್ರ ಹೇಗಿರುತ್ತೆ ಅಂತ ಮಕ್ಕಳಿಗೂ ಗೊತ್ತಾಗಲಿ."

ಅವರು ಹೋದರು. ಗೋಪಾಲಪ್ಪ ಹಿತ್ತಲ ಕಡೆಯಿಂದ ಹೋಗಿ, ಅಡಿಗೆಮನೆಯಲ್ಲಿದ್ದ ಒಂದು ಚೊಂಬನ್ನು ಎತ್ತಿಟ್ಟು, ಹೆಂಡತಿಯನ್ನು ಕರೆದುಕೊಂಡು ಹೋದರು. ಚೊಂಬು ನಮ್ಮದು.

ನಾನು ಅನುಸೂಯಳನ್ನು ಕೂರಿಸಿ ನಡೆದದ್ದನ್ನು ಹೇಳಿದೆ. ಅತ್ತುಬಿಡುತ್ತಾಳೆಂದು ಸಮಾಧಾನದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವಳು ಸೆರಗಿನ ತುದಿ ಸುತ್ತುತ್ತ ಯೋಚಿಸಿದಳು.

"ಎಲ್ಲಾ ಕೇಳಿಸ್ತಾ?"

"ಎಲ್ಲಾ."

"ಬಚ್ಚಲ ಬಾಗಿಲಿಂದೂ?"

"ಅದೂ."

"ಸ್ಪಷ್ಟವಾಗಿತ್ತಾ?"

"ಪಕ್ಕದಲ್ಲೇ ಕೂತು ಹೇಳಿದಂಗಿತ್ತು."

"ಸದ್ಯ," ಎಂದಳು. "ಇಷ್ಟು ವರ್ಷ ಪಕ್ಕದಲ್ಲೇ ಕೂತು ಹೇಳ್ದೆ, ಒಂದು ದಿನಾನೂ ಕೇಳಿಸ್ಕೊಳ್ಲಿಲ್ಲ. ಆ ತಂತಿ ಹಾಗೇ ಇರ್ಲಿ, ಕೀಳ್ಬೇಡಿ."

ತಂತಿ ಹಾಗೇ ಇದೆ. ಬೆಳಿಗ್ಗೆ ಎದ್ದು ನಾನು ಹಜಾರದಲ್ಲಿ ಶಾಲೆಯ ಪ್ರಾರ್ಥನೆ ಅಭ್ಯಾಸ ಮಾಡುತ್ತೇನೆ. ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಎದೆಯೆತ್ತರದ ಹಲಸಿನ ಪೆಟ್ಟಿಗೆ, ಬೀದಿಯ ಮಗ್ಗಗಳನ್ನೆಲ್ಲ ಮುಳುಗಿಸಿ, "ಶ್ರುತಿ ಹೋಯ್ತು. ಮೊದ್ಲಿಂದ" ಎನ್ನುತ್ತದೆ.