ಶಾಂತವ್ವನ ಎಡಗೈ, ನನ್ನ ಸೀಟಿ

ಕೈ ಬೀಸಿ ನಡೆಯುವುದನ್ನು ಕಲಿಸುವ ವಿದ್ಯೆಯಲ್ಲಿ ಹತ್ತಿಮತ್ತೂರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದವನು. ನನ್ನ ಸೀಟಿಗೆ ಹೆದರಿ ಶಾಲೆಯ ಮುಂದಿನ ಎಮ್ಮೆಗಳೂ ಸಾಲಾಗಿ ಹೋಗುತ್ತಿದ್ದವು! ನಿವೃತ್ತಿಯ ದಿನ ಚಡ್ಡಿ ಬಿಟ್ಟು ದೋತರ ಉಟ್ಟೆ. ಸೀಟಿಯನ್ನು ಮಾತ್ರ ಬಿಡಲಿಲ್ಲ.

ಹೀಗಿರುವಾಗ ಹೆಂಡತಿ ಶಾಂತವ್ವನಿಗೆ ಲಕ್ವಾ ಹೊಡೆಯಿತು. ಎರಡು ತಿಂಗಳಲ್ಲಿ ಕಾಲು ದಾರಿಗೆ ಬಂತು. ಬಲಗೈಯಲ್ಲಿ ಕೋಲು ಹಿಡಿದು ಅಂಗಳದಲ್ಲಿ ಅಡ್ಡಾಡತೊಡಗಿದಳು. ಎಡಗೈ ಸುಮ್ಮನೆ ಜೋತುಬಿದ್ದಿತ್ತು. ರೊಟ್ಟಿ ಬಡಿದ ಕೈ ಅದು. 

ಸವಣೂರಿನಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಹೇಳಿದರು: "ಮಾಸ್ತರ್ರ, ನಡೀವಾಗ ಆ ಕೈ ಎಷ್ಟು ಹಿಂದ ಮುಂದ ಆಡತೈತಿ ನೋಡಬೇಕು. ನನ್ನ ಮುಂದ ಅವರು ಬಿಗಿಯಾಗಿ ನಡೀತಾರ. ಮನ್ಯಾಗ ಮೊಬೈಲದಾಗ ವಿಡಿಯೋ ತಗೊಂಡ ಬರ್ರಿ. ಅವರಿಗೆ ಏನೂ ಹೇಳಬ್ಯಾಡ್ರಿ, ತಮ್ಮ ಪಾಡಿಗೆ ನಡೀಲಿ. ಕೈ ಸುಧಾರಿಸಾಕತ್ತೈತೋ ಇಲ್ಲೋ ಗೊತ್ತಾಗತೈತಿ."

ಡ್ರಿಲ್ ಮಾಸ್ತರನಿಗೆ ಏನೂ ಹೇಳಬೇಡ ಎನ್ನುವುದೇ! ಇದು ವೃತ್ತಿಗೇ ಆದ ಅವಮಾನವೆಂದು ಪರಿಗಣಿಸಿದೆ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಟೇಲರ್ ಹುಸೇನಸಾಬನ ಕೈಗೆ ಮೊಬೈಲು ಕೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಅಂಗಳಕ್ಕಿಳಿದೆ.

"ಶಾಂತಾ, ನಾ ಮುಂದ ನಡೀತೇನಿ. ನನ್ನ ನೋಡಿ ಹಂಗ ನಡಿ. ಡಾಕ್ಟರಮ್ಮ ಇದನ್ನ ನೋಡತಾರ."

"ಮಂದಿ ನೋಡತಾರಂದ್ರ ತಲಿ ಮ್ಯಾಲೆ ಸೆರಗು ಬ್ಯಾಡೇನ್ರಿ?" ಎಂದು ಶಾಂತವ್ವ ಹುಸೇನಸಾಬನ ಹೆಂಡತಿಯನ್ನು ಕರೆದು ಸೆರಗು ಹೊದಿಸಿಕೊಂಡಳು.

ಸೀಟಿ ಊದಿದೆ. ಓಣಿಯ ನಾಯಿ ಬೊಗಳಿತು. ಶಾಂತವ್ವ ಬೆಚ್ಚಿ ನಿಂತಳು.

"ಇನ್ನೊಮ್ಮೆ ಊದಿ ನೋಡ್ರಿ, ಈ ಕೋಲು ನಿಮ್ಮ ಬೆನ್ನಿಗೇ!"

ಊದಲಿಲ್ಲ. ಬದಲಿಗೆ "ಎಡ, ಬಲ!" ಎಂದು ಕೂಗುತ್ತ ಮುಂದೆ ನಡೆದೆ. ನಾಲ್ಕು ಸುತ್ತಾಯಿತು. ಹುಸೇನಸಾಬ ಮೊಬೈಲು ತಂದುಕೊಟ್ಟು ಮುಖ ತಗ್ಗಿಸಿದ. "ಮಾಸ್ತರ್ರ, ಕೈ ಆಡವಲ್ದರಿ."

ನೋಡಿದೆ. ಎಡಗೈ ಎದೆಯ ಹತ್ತಿರ ಕಟ್ಟಿಟ್ಟ ಹಾಗೆ ನಿಂತಿತ್ತು. ಒಂದು ಸಲವೂ ಬೀಸಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ. ಶಾಂತವ್ವ ಕೇಳಿದಾಗ "ಕಣ್ಣಾಗ ಕಸ ಬಿತ್ತು" ಎಂದೆ.

"ಎರಡೂ ಕಣ್ಣಾಗೇನ್ರಿ?" ಎಂದಳು.

ಮೊಬೈಲು ಹಿಡಿದು ಇಬ್ಬರೂ ಬಸ್ಸಿನಲ್ಲಿ ಸವಣೂರಿಗೆ ಹೋದೆವು. ಡಾಕ್ಟರಮ್ಮ ವಿಡಿಯೋವನ್ನು ದೊಡ್ಡ ಪರದೆಗೆ ಹಾಕಿ ಎರಡು ಸಲ ನೋಡಿದರು. ಮೂರನೆಯ ಸಲ ನಡುವೆ ನಿಲ್ಲಿಸಿದರು. "ಇಲ್ಲಿ ನೋಡ್ರಿ."

ಮೊದಲ ಸುತ್ತಿನಲ್ಲೇ ತುಳಸಿಕಟ್ಟೆಯ ಬಳಿ ತಿರುಗುವಾಗ ಸೆರಗು ತಲೆಯಿಂದ ಜಾರಿತ್ತು. ಬಲಗೈಯಲ್ಲಿ ಕೋಲು. ಎಡಗೈ ತಾನಾಗಿ ಎದ್ದು, ಸೆರಗು ಹಿಡಿದು, ಎಳೆದು, ಎದೆಗೆ ತಂದುಕೊಂಡಿತ್ತು. ನಾನು ಆಗ "ಎಡ, ಬಲ" ಎಂದು ಒದರುತ್ತಿದ್ದೆ.

"ಹೋದ ಸಲ ಈ ಬೆರಳು ಕರವಸ್ತ್ರ ಹಿಡೀತಿದ್ದಿಲ್ಲ!" ಡಾಕ್ಟರಮ್ಮ ತಮ್ಮ ಕರವಸ್ತ್ರ ಕೊಟ್ಟರು. ಶಾಂತವ್ವ ಹಿಡಿದಳು, ನಿಧಾನಕ್ಕೆ ಬಿಟ್ಟಳು, ಮತ್ತೆ ಹಿಡಿದಳು. ನನ್ನ ಕಣ್ಣಲ್ಲಿ ಮತ್ತೆ ಕಸ ಬಿತ್ತು.

"ಆದ್ರ ಅಮ್ಮಾರ, ಸೆರಗು ಹಿಡಕೊಂಡ್ರ ಕೈ ಬೀಸೋದು ಹೆಂಗ ನೋಡ್ಲಿ? ಯಾಕ ಬಿಡಲಿಲ್ಲ?" ಡಾಕ್ಟರಮ್ಮ ಶಾಂತವ್ವನನ್ನು ಕೇಳಿದರು.

"ಇವರು ತಮ್ಮನ್ನ ನೋಡಿ ನಡಿ ಅಂದ್ರು. ಇವರು ದೋತರದ ಚುಂಗು ಹಿಡದಿದ್ರು. ನಾ ಸೆರಗು ಹಿಡದೆ," ಎಂದಳು.

ಪರದೆಯ ಮೇಲೆ ನಾನೂ ಇದ್ದೆ. ಎಡಗೈಯಲ್ಲಿ ದೋತರದ ತುದಿ ಹಿಡಿದು, ಸೊಂಟಕ್ಕೆ ಅಂಟಿಸಿ, ನಾಲ್ಕು ಸುತ್ತೂ ಒಂದಿಷ್ಟೂ ಅಲ್ಲಾಡಿಸದೆ ಗಂಭೀರವಾಗಿ ನಡೆಯುತ್ತಿದ್ದೆ.

ಡಾಕ್ಟರಮ್ಮ ಕೇಳಿದರು: "ಮಾಸ್ತರ್ರ, ನಿಮ್ಮ ಕೈ ಯಾವಾಗಿಂದ ಹಿಂಗ?"

"ರಿಟೈರ್ ಆದಾಗಿಂದರಿ," ಶಾಂತವ್ವ ಉತ್ತರಿಸಿದಳು.

ಈಗ ದಿನಾ ಬೆಳಿಗ್ಗೆ ಇಬ್ಬರೂ ಅಂಗಳದಲ್ಲಿ ನಡೆಯುತ್ತೇವೆ. ಡಾಕ್ಟರಮ್ಮನಿಗೆ ಬೇಕಾದ ವಿಡಿಯೋವನ್ನು ಹುಸೇನಸಾಬ ನನ್ನನ್ನು ಹೊರಗೆ ಹಾಕಿಯೇ ತೆಗೆದುಕೊಟ್ಟ. ಸೆರಗು ಬಿಟ್ಟಾಗ ಕೈ ಸ್ವಲ್ಪ ಸ್ವಲ್ಪ ಬೀಸುತ್ತಿದೆ. ಸೀಟಿ ಶಾಂತವ್ವನ ಕೊರಳಲ್ಲಿದೆ. ನಾನು ಚುಂಗು ಹಿಡಿದರೆ ಸಾಕು, ನಿಂತು, ಎಡಗೈಯಿಂದ ಸೀಟಿಯನ್ನು ತುಟಿಯವರೆಗೆ ಎತ್ತಿ ಊದುತ್ತಾಳೆ.

ನಿನ್ನೆ ಏಳು ಸಲ ಊದಿದಳು. ನಾನಿನ್ನೂ ಪಾಸಾಗಿಲ್ಲ.